ಹಳೆಯ ಕಾರಿಗೆ ಯಾವ ಕೂಲಂಟ್? ಅಂಬಾಸಿಡರ್, ಪದ್ಮಿನಿ ಇಟ್ಟುಕೊಂಡವರಿಗೆ ಟಿಪ್ಪಣಿ

ಬಣ್ಣ ನೋಡಿ ಕೂಲಂಟ್ (ಎಂಜಿನ್ ತಣಿಸುವ ದ್ರವ) ಕೊಳ್ಳಬೇಡಿ. ಹಸಿರು, ಕೆಂಪು, ನೀಲಿ ಎಲ್ಲ ತಯಾರಕರು ಬೆರೆಸುವ ಬಣ್ಣ ಅಷ್ಟೇ. ಎರಡು ಹಸಿರು ಡಬ್ಬಿಗಳಲ್ಲಿ ಎರಡು ಬೇರೆ ರಸಾಯನ ಇರಬಹುದು. ಮೊದಲು ತಿಳಿಯಬೇಕಾದ್ದು ಎಂಜಿನ್ನು, ರೇಡಿಯೇಟರು ಯಾವ ಲೋಹದವು ಎಂಬುದನ್ನು.

ಅಂಬಾಸಿಡರ್‌ನ 1489 ಸಿಸಿ ಪೆಟ್ರೋಲ್ ಎಂಜಿನ್‌ನಲ್ಲಿ ಬ್ಲಾಕ್ (ಎಂಜಿನ್ನಿನ ಮುಖ್ಯ ಮೈ), ಹೆಡ್ (ಅದರ ಮೇಲೆ ಕೂರುವ ಭಾಗ) ಎರಡೂ ಎರಕದ ಕಬ್ಬಿಣ. ಪದ್ಮಿನಿಯ 1089 ಸಿಸಿ ಎಂಜಿನ್‌ನಲ್ಲಿ ಬ್ಲಾಕ್ ಕಬ್ಬಿಣ, ಹೆಡ್ ಅಲ್ಯೂಮಿನಿಯಂ. ಎರಡರ ಹಳೆಯ ರೇಡಿಯೇಟರ್‌ಗಳೂ ತಾಮ್ರ-ಹಿತ್ತಾಳೆಯವು, ಸೀಸ-ತವರದ ಬೆಸುಗೆ ಹಾಕಿದವು. ಬರೀ ನೀರು ತುಂಬಿದ ಅಂಬಾಸಿಡರ್‌ನಲ್ಲಿ ತುಕ್ಕು ಬ್ಲಾಕಿನ ತಳದಲ್ಲಿ, ರೇಡಿಯೇಟರ್ ಕೊಳವೆಗಳಲ್ಲಿ ಕೂತು ದಾರಿ ಕಟ್ಟುತ್ತದೆ. ಪದ್ಮಿನಿಯ ಪಾಡು ಇನ್ನೂ ಕೆಟ್ಟದ್ದು: ಕಬ್ಬಿಣದ ಪಕ್ಕ ಕೂತ ಅಲ್ಯೂಮಿನಿಯಂ ತಾನೇ ಸವೆಯುತ್ತದೆ. ನೀರು ಹರಿಯುವ ತೂತುಗಳ ಅಂಚು ತಿಂದುಹೋಗಿ, ಇವೆರಡರ ನಡುವಿನ ಹೆಡ್ ಗ್ಯಾಸ್ಕೆಟ್ ಎಷ್ಟು ಸಲ ಬದಲಿಸಿದರೂ ನಿಲ್ಲುವುದಿಲ್ಲ.

‘ನಮ್ಮೂರಲ್ಲಿ ನೀರು ಹೆಪ್ಪುಗಟ್ಟುವುದಿಲ್ಲ, ಕೂಲಂಟ್ ಯಾಕೆ’ ಎನ್ನುವವರಿಗೆ ಉತ್ತರ ಆ ತುಕ್ಕೇ. ಜೊತೆಗೆ, ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ನೀರು 97 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ. ಕೂಲಂಟ್‌ನ ಮುಖ್ಯ ದ್ರವವಾದ ಗ್ಲೈಕಾಲ್ ಆ ಮಿತಿಯನ್ನು ಕೆಲವು ಡಿಗ್ರಿ ಏರಿಸುತ್ತದೆ, ರೇಡಿಯೇಟರ್ ಮುಚ್ಚಳದ ಒತ್ತಡ ಪ್ರತಿ ಪಿಎಸ್‌ಐಗೆ (ಒತ್ತಡದ ಅಳತೆ) ಸುಮಾರು ಒಂದೂವರೆ ಡಿಗ್ರಿ ಏರಿಸುತ್ತದೆ. ಹಾಗೆಂದು 7 ಪಿಎಸ್‌ಐ ಮುಚ್ಚಳವಿದ್ದ ರೇಡಿಯೇಟರ್‌ಗೆ 13 ಪಿಎಸ್‌ಐ ಮುಚ್ಚಳ ಹಾಕಿದರೆ ಹಳೆಯ ಬೆಸುಗೆಯೇ ಬಿಟ್ಟುಕೊಳ್ಳುತ್ತದೆ.

ಇನ್ನು ರಸಾಯನ. ಐಎಟಿ (ನಿರವಯವ ಲವಣಗಳ ಕೂಲಂಟ್) ಎಂಬುದು ಹಳೆಯ ಬಗೆ. ಸಿಲಿಕೇಟ್, ಫಾಸ್ಫೇಟ್‌ನಂಥ ಲವಣಗಳು ಲೋಹದ ಮೇಲೆ ಬೇಗ ಪದರ ಕಟ್ಟುತ್ತವೆ, ಬೇಗ ಖರ್ಚೂ ಆಗುತ್ತವೆ. ಅದಕ್ಕೇ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಓಎಟಿ ಎಂಬ ಹೊಸ ಬಗೆಯಲ್ಲಿರುವುದು ಸಾವಯವ ಆಮ್ಲಗಳು. ಐದು ವರ್ಷ ಬಾಳುತ್ತದೆ ನಿಜ, ಆದರೆ ಅದನ್ನು ರೂಪಿಸಿದ್ದು ಅಲ್ಯೂಮಿನಿಯಂ ರೇಡಿಯೇಟರ್‌ಗಳಿಗೆ. ಹಲವು ಓಎಟಿಗಳಲ್ಲಿ ಸೀಸದ ಬೆಸುಗೆಗೆ ಸಾಕಷ್ಟು ರಕ್ಷಣೆ ಇಲ್ಲ, ಕೆಲವು ಆಮ್ಲಗಳು ಹಳೆಯ ಸೀಲು, ಗ್ಯಾಸ್ಕೆಟ್‌ಗಳನ್ನು ಮೆತ್ತಗಾಗಿಸುತ್ತವೆ. ಜಪಾನಿ ಕಾರುಗಳಿಗೆ ಸಿಲಿಕೇಟ್ ಇಲ್ಲದ, ಫಾಸ್ಫೇಟ್ ಇರುವ ಮಿಶ್ರ ಬಗೆ ಬೇರೆಯೇ ಇದೆ. ತಾಮ್ರ-ಹಿತ್ತಾಳೆ ರೇಡಿಯೇಟರ್ ಇನ್ನೂ ಇದ್ದರೆ ಐಎಟಿಯೇ ಸರಿ. ಡಬ್ಬಿಯ ಮೇಲೆ ಐಎಸ್ 5759 (ಕೂಲಂಟ್‌ನ ಭಾರತೀಯ ಮಾನಕ) ಹುಡುಕಿ. ‘ಎಲ್ಲ ಕಾರಿಗೂ ಒಂದೇ’ ಎಂಬ ಬರಹ ಕಂಡರೆ ಕೆಳಗಿಡುವುದೇ ಕ್ಷೇಮ.

ಐಎಟಿಗೆ ಓಎಟಿ ಬೆರೆಸಿದರೆ ಕೆಲವೊಮ್ಮೆ ಲೋಳೆ ಕಟ್ಟುತ್ತದೆ. ಕಟ್ಟದಿದ್ದರೂ ಎರಡರ ರಕ್ಷಣೆಯೂ ತೆಳುವಾಗುತ್ತದೆ.

ಅಳತೆಯಲ್ಲಿ ಹೆಚ್ಚು ಜನ ಎಡವುತ್ತಾರೆ. ರೇಡಿಯೇಟರ್ ಖಾಲಿ ಮಾಡಿದರೂ ಬ್ಲಾಕಿನಲ್ಲಿ ನೀರು ಉಳಿದಿರುತ್ತದೆ. ಒಟ್ಟು 6 ಲೀಟರ್ ಹಿಡಿಯುವ ಕಾರು ಎನ್ನಿ. ಕೆಳಗೆ ಬಕೆಟ್ ಇಟ್ಟು ಅಳೆದಾಗ 4 ಲೀಟರ್ ಬಂತು, ಅಂದರೆ 2 ಲೀಟರ್ ಒಳಗೇ ಇದೆ. ಈಗ ನೇರ ಸುರಿಯುವ 50 ಶೇಕಡಾದ ಕೂಲಂಟ್ 4 ಲೀಟರ್ ಹಾಕಿದರೆ ಗ್ಲೈಕಾಲ್ ಬರುವುದು 2 ಲೀಟರ್, ಒಟ್ಟಿಗೆ 33 ಶೇಕಡಾ. ಇದು ಕನಿಷ್ಠ ಮಟ್ಟ. 30 ಶೇಕಡಾದ್ದು ಹಾಕಿದರೆ ಬರೀ 20, ತುಕ್ಕು ತಡೆಯಲು ಸಾಲದು. ಅದಕ್ಕೆ ಕಾನ್ಸಂಟ್ರೇಟ್ (ನೀರು ಬೆರೆಸದ ಕೂಲಂಟ್) ಕೊಳ್ಳಿ. 40 ಶೇಕಡಾಕ್ಕೆ 2.4 ಲೀಟರ್ ಮೊದಲು ಸುರಿದು, ಉಳಿದ 1.6 ಲೀಟರ್ ಡಿಸ್ಟಿಲ್ಡ್ ವಾಟರ್ ಹಾಕಿ. 60 ದಾಟಿಸಬೇಡಿ, ಗ್ಲೈಕಾಲ್ ಹೆಚ್ಚಾದಷ್ಟೂ ಶಾಖ ಹೊರುವ ಶಕ್ತಿ ಇಳಿಯುತ್ತದೆ. ಬೋರ್‌ವೆಲ್ ನೀರು ಬೇಡವೇ ಬೇಡ: ಅದರ ಕ್ಯಾಲ್ಸಿಯಂ ಫಾಸ್ಫೇಟ್ ಜೊತೆ ಸೇರಿ ಒಳಗೆ ಗಟ್ಟಿ ಪದರ ಕಟ್ಟುತ್ತದೆ.

ತೊಳೆಯುವಾಗ ಎಂಜಿನ್ ತಣ್ಣಗಿರಲಿ. ಹೀಟರ್ ಇದ್ದರೆ ಅದರ ವಾಲ್ವ್ ಪೂರ್ತಿ ತೆರೆಯಿರಿ. ರೇಡಿಯೇಟರ್ ತಳದ ನಲ್ಲಿ, ಬ್ಲಾಕಿನ ಡ್ರೈನ್ ಎರಡನ್ನೂ ಬಿಚ್ಚಿ. ಡ್ರೈನ್‌ನಿಂದ ಏನೂ ಬರದಿದ್ದರೆ ಕೆಸರು ಕಟ್ಟಿದೆ ಎಂದರ್ಥ, ತಂತಿ ಹಾಕಿ ಕೆದಕಿ. ನೀರು ತುಂಬಿ, ಮೇಲಿನ ಹೋಸ್ ಬಿಸಿಯಾಗುವವರೆಗೆ ಎಂಜಿನ್ ಓಡಿಸಿ. ಬಿಸಿಯಾಯಿತೆಂದರೆ ಥರ್ಮೋಸ್ಟಾಟ್ (ಎಂಜಿನ್ ಕಾಯುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದ ವಾಲ್ವ್) ತೆರೆದಿದೆ. ಆರಿದ ಮೇಲೆ ಖಾಲಿ ಮಾಡಿ. ತಿಳಿ ನೀರು ಬರುವವರೆಗೆ ಹೀಗೇ, ಕೊನೆಯ ಸುತ್ತು ಡಿಸ್ಟಿಲ್ಡ್ ವಾಟರ್‌ನಲ್ಲಿ. ಮೆಕ್ಯಾನಿಕ್ ಥರ್ಮೋಸ್ಟಾಟ್ ಕಿತ್ತು ಬಿಸಾಕಿದ್ದರೆ ಹೊಸದು ಹಾಕಿಸಿ; ಅದಿಲ್ಲದೆ ಎಂಜಿನ್ ಬೇಗ ಕಾಯದೆ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ. ತೊಳೆದ ಮೇಲೆ ಹೊಸ ಸೋರಿಕೆ ಕಂಡರೆ ಕೂಲಂಟನ್ನು ಬೈಯಬೇಡಿ. ತೂತು ಮೊದಲೇ ಇತ್ತು, ತುಕ್ಕು ಅದನ್ನು ಮುಚ್ಚಿತ್ತು.

ತುಂಬಿದ ದ್ರವ ಇನ್ನೂ ಕೆಲಸ ಮಾಡುತ್ತಿದೆಯೇ ಎಂದು ಮಲ್ಟಿಮೀಟರ್‌ನಲ್ಲಿ ನೋಡಬಹುದು. ಎಂಜಿನ್ ತಣ್ಣಗಿದ್ದಾಗ ಮುಚ್ಚಳ ತೆಗೆದು, ಕಪ್ಪು ತಂತಿ ಬ್ಯಾಟರಿಯ ನೆಗೆಟಿವ್‌ಗೆ, ಕೆಂಪು ತುದಿ ಲೋಹಕ್ಕೆ ತಾಗದಂತೆ ಕೂಲಂಟ್‌ಗೆ. 0.3 ವೋಲ್ಟ್ ದಾಟಿದರೆ ಬದಲಿಸುವ ಕಾಲ ಬಂದಿದೆ, ಅಥವಾ ಯಾವುದೋ ಅರ್ಥಿಂಗ್ ಕೆಟ್ಟಿದೆ. ಹಳೆಯದನ್ನು ಚರಂಡಿಗೆ ಸುರಿಯಬೇಡಿ, ಬಕೆಟ್ ತೆರೆದಿಡಲೂಬೇಡಿ. ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುವುದರಿಂದ ನಾಯಿಗಳು ನೆಕ್ಕುತ್ತವೆ, ಸ್ವಲ್ಪವೇ ಸಾಕು ಸಾಯಲು.