ದೀಕ್ಷಾಸ್ನಾನದ ಚೀಟಿ ಹೇಳುವುದು, ಹೇಳದಿರುವುದು

ಮೈಸೂರಿನ ಕಥೋಲಿಕ ಮನೆಯ ಹುಡುಗನಿಗೆ ಮಂಡ್ಯದ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ ಎಂಬ ಪ್ರೊಟೆಸ್ಟೆಂಟ್ ಸಭೆ) ಮನೆಯ ಹುಡುಗಿ ಗೊತ್ತಾದರೆ, ಒಡವೆ, ಛತ್ರದ ಮಾತು ಮುಗಿಯುವ ಮೊದಲೇ ಒಂದು ಕಾಗದ ಮೇಜಿನ ಮೇಲೆ ಬರುತ್ತದೆ: ಹುಡುಗಿಯ ದೀಕ್ಷಾಸ್ನಾನದ (ಬ್ಯಾಪ್ಟಿಸಂ) ಪ್ರಮಾಣಪತ್ರ. "ಅವರೂ ಯೇಸುಸ್ವಾಮಿಯವರೇ ತಾನೇ ಫಾದರ್, ಮತ್ತೆ ಇದೆಲ್ಲ ಯಾಕೆ?" ಎಂದು ಹುಡುಗನ ತಾಯಿ ಕೇಳುತ್ತಾರೆ. ಫಾದರ್ ಆ ಕಾಗದದಲ್ಲಿ ಹುಡುಕುವುದು ಎರಡೇ ಸಂಗತಿ. ನೀರು ಬಳಸಿದ್ದಾರೆಯೇ? "ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ" ಎಂದು ಹೇಳಿದ್ದಾರೆಯೇ? ಎರಡೂ ಇದ್ದರೆ ಆ ಸ್ನಾನ ಸಿಂಧು. ತಲೆಯ ಮೇಲೆ ಹೊಯ್ದರೂ ಸರಿ, ಪೂರ್ತಿ ಮುಳುಗಿಸಿದರೂ ಸರಿ, ಇನ್ನೊಮ್ಮೆ ಕೊಡುವ ಹಾಗಿಲ್ಲ. ಮದುವೆಗೆ ಧರ್ಮಾಧ್ಯಕ್ಷರ (ಬಿಷಪ್) ಅನುಮತಿ ಬೇಕು. ಮಕ್ಕಳನ್ನು ಕಥೋಲಿಕರಾಗಿ ಬೆಳೆಸಲು ಕೈಲಾದದ್ದೆಲ್ಲ ಮಾಡುತ್ತೇನೆಂದು ಹುಡುಗ ಮಾತು ಕೊಡಬೇಕು. ಹುಡುಗಿಗೆ ಆ ವಿಷಯ ತಿಳಿಸುತ್ತಾರೆ, ಅವಳಿಂದ ಮಾತು ತೆಗೆದುಕೊಳ್ಳುವುದಿಲ್ಲ. ಈ ಕೊನೆಯ ಅಂಶ ತಿಳಿಯದೆಯೇ ಎಷ್ಟೋ ಸಂಬಂಧಗಳು ಮುರಿಯುತ್ತವೆ.

ತೊಡಕು ಬರುವುದು ಬೇರೆ ಕಡೆ. ಪೆಂತೆಕೋಸ್ತ್ ಸಭೆಗಳಲ್ಲಿ ಕೆಲವು, ಬೈಬಲಿನ ಅಪೊಸ್ತಲರ ಕೃತ್ಯಗಳು 2:38ನ್ನು ಹಿಡಿದು, "ಯೇಸು ಕ್ರಿಸ್ತನ ಹೆಸರಿನಲ್ಲಿ" ಎಂದಷ್ಟೇ ಹೇಳಿ ಮುಳುಗಿಸುತ್ತವೆ. ತಂದೆ, ಮಗ, ಪವಿತ್ರಾತ್ಮ ಎಂಬ ಮೂವರಿಲ್ಲ, ಯೇಸು ಒಬ್ಬನೇ ಎಂಬುದು ಅವರ ಬೋಧನೆ. ಚೀಟಿ ನೋಡಿದರೆ ಉಳಿದ ಪೆಂತೆಕೋಸ್ತರದ್ದರಂತೆಯೇ ಇರುತ್ತದೆ, ಹೇಳಿದ ಮಾತನ್ನು ಅದರಲ್ಲಿ ಅಚ್ಚು ಹಾಕಿರುವುದೇ ಅಪರೂಪ. ಹಾಗಾಗಿ ಆ ಸಭೆಯ ಪಾಸ್ಟರ್‌ಗೆ ಫೋನ್ ಮಾಡಿ ಕೇಳಬೇಕು, ಇಲ್ಲವೇ ಸ್ನಾನದ ದಿನ ಜೊತೆಗಿದ್ದವರಿಂದ ಬರೆಸಿಕೊಳ್ಳಬೇಕು. ಅದು "ಯೇಸು ಮಾತ್ರ" ಸ್ನಾನವೆಂದಾದರೆ ಕಥೋಲಿಕ ಕಚೇರಿಯ ಲೆಕ್ಕದಲ್ಲಿ ಹುಡುಗಿಗೆ ದೀಕ್ಷಾಸ್ನಾನವೇ ಆಗಿಲ್ಲ. ಆಗ ಬರೀ ಅನುಮತಿ ಸಾಲದು, ವಿನಾಯಿತಿ ಬೇಕು. ಅದಿಲ್ಲದೆ ಕಟ್ಟಿದ ತಾಳಿ ಧರ್ಮಸಭೆಯ ದೃಷ್ಟಿಯಲ್ಲಿ ಮದುವೆಯಲ್ಲ. ಅಮೆರಿಕ ಮೂಲದ ಮಾರ್ಮನ್ ಸಭೆಯವರದ್ದು ಇನ್ನೂ ವಿಚಿತ್ರ. ಬಾಯಲ್ಲಿ ಹೇಳುವುದು ತಂದೆ, ಮಗ, ಪವಿತ್ರಾತ್ಮರ ಹೆಸರನ್ನೇ, ಆದರೆ ಆ ಪದಗಳಿಗೆ ಅವರು ಕೊಡುವ ಅರ್ಥವೇ ಬೇರೆ ಎಂದು ವ್ಯಾಟಿಕನ್ 2001ರಲ್ಲಿ ಆ ಸ್ನಾನ ಸಿಂಧುವಲ್ಲ ಎಂದಿತು.

ಹುಡುಗನ ಕಡೆಯವರಿಗೂ ಒಂದು ಮಾತು. ಇಪ್ಪತ್ತೈದು ವರ್ಷದ ಹಿಂದೆ ಲ್ಯಾಮಿನೇಷನ್ ಮಾಡಿಸಿ ಇಟ್ಟ ಚೀಟಿ ನಡೆಯದು. ಆರು ತಿಂಗಳೊಳಗೆ ತೆಗೆಸಿದ ಹೊಸ ಪ್ರತಿ ಕೇಳುತ್ತಾರೆ, ಯಾಕೆಂದರೆ ಮದುವೆಯಾದರೆ ದೀಕ್ಷಾಸ್ನಾನದ ದಾಖಲೆ ಪುಸ್ತಕದ ಅಂಚಿನಲ್ಲೇ ಅದನ್ನು ಬರೆಯುತ್ತಾರೆ.

ಮಂಡ್ಯದಲ್ಲಿ ಇನ್ನೊಂದು ಗೊಂದಲ ಮಾಮೂಲು. ಮೈಸೂರು ಧರ್ಮಕ್ಷೇತ್ರ ಅನ್ನುತ್ತಾರೆ, ಮಂಡ್ಯ ಧರ್ಮಕ್ಷೇತ್ರ ಅನ್ನುತ್ತಾರೆ, ಎರಡಕ್ಕೂ ಬೇರೆ ಬೇರೆ ಬಿಷಪ್. ಹಾಗಾದರೆ ಎರಡು ಪಂಗಡವೇ? ಅಲ್ಲ. ಮೈಸೂರಿನದು ಲ್ಯಾಟಿನ್ ವಿಧಿಯದ್ದು. ಮಂಡ್ಯದ್ದು 2010ರಲ್ಲಿ ಸ್ಥಾಪನೆಯಾದ ಸೀರೋ ಮಲಬಾರ್ ಧರ್ಮಕ್ಷೇತ್ರ, ಕೇರಳ ಮೂಲದ ಪೂರ್ವ ಸಿರಿಯನ್ ವಿಧಿ. ಪೂಜೆಯ ಕ್ರಮ ಬೇರೆ, ಪೋಪ್ ಒಬ್ಬರೇ. ಒಬ್ಬರ ಪೂಜೆಗೆ ಇನ್ನೊಬ್ಬರು ಹೋಗಿ ಪರಮಪ್ರಸಾದ ತೆಗೆದುಕೊಳ್ಳಬಹುದು. ಅದೇ ಕೇರಳದಿಂದ ಬಂದ ಆರ್ಥಡಾಕ್ಸ್, ಯಾಕೋಬೈಟ್, ಮಾರ್ ಥೋಮ ಸಭೆಗಳು ಪೋಪರ ಅಧೀನದಲ್ಲಿಲ್ಲ. ಹೆಸರಿನಲ್ಲಿ ಸಿರಿಯನ್ ಎಂದಿದ್ದ ಮಾತ್ರಕ್ಕೆ ಎಲ್ಲವನ್ನೂ ಒಂದೇ ಗಂಟಿಗೆ ಕಟ್ಟಬಾರದು.

ಸಿಎಸ್‌ಐ ಹುಟ್ಟಿದ್ದು 1947ರ ಸೆಪ್ಟೆಂಬರ್ 27ರಂದು, ಮದ್ರಾಸಿನಲ್ಲಿ. ಆಂಗ್ಲಿಕನ್ನರು, ಬ್ರಿಟಿಷ್ ಮೂಲದ ಮೆಥೋಡಿಸ್ಟರು, ಪ್ರೆಸ್ಬಿಟೇರಿಯನ್ ಮತ್ತು ಕಾಂಗ್ರಿಗೇಷನಲ್ ಸಭೆಗಳು ತಮ್ಮ ಜಗಳ ಬದಿಗಿಟ್ಟು ಒಂದಾದವು. ಮೈಸೂರಿನ ಮಿಷನ್ ಆಸ್ಪತ್ರೆ, ಹಾರ್ಡ್ವಿಕ್ ಶಾಲೆ ಇವೆಲ್ಲ ಆ ವೆಸ್ಲಿಯನ್ ಮೆಥೋಡಿಸ್ಟರ ಬಳುವಳಿ. ಕಥೋಲಿಕರಿಗೂ ಇವರಿಗೂ ಇರುವ ವ್ಯತ್ಯಾಸ ಸಣ್ಣದಲ್ಲ: ಅಲ್ಲಿ ಏಳು ಸಂಸ್ಕಾರ, ಇಲ್ಲಿ ಎರಡು, ಅಲ್ಲಿನ ಬೈಬಲ್ಲಿನಲ್ಲಿ 73 ಪುಸ್ತಕ, ಇಲ್ಲಿ 66, ಇಲ್ಲಿ 1976ರಿಂದ ಹೆಂಗಸರೂ ಪಾದ್ರಿಗಳು, ಅಲ್ಲಿ ಇಲ್ಲ. ಮರಿಯಮ್ಮನವರ ಮತ್ತು ಸಂತರ ವಿಷಯದಲ್ಲಿ ತಲೆತಲಾಂತರದ ವಾದ. ಮೈಸೂರಿನ ಫಿಲೋಮಿನಾ ಚರ್ಚನ್ನು ತೋರಿಸಿ "ವಿಗ್ರಹಾರಾಧನೆ" ಎನ್ನುವವರಿಗೆ ಕಥೋಲಿಕರ ಉತ್ತರ, ಆರಾಧನೆ ದೇವರಿಗೆ, ಸಂತರಿಗೆ ಗೌರವ ಮಾತ್ರ ಎಂದು. (ಫಿಲೋಮಿನಮ್ಮನ ಹಬ್ಬವನ್ನು ರೋಮ್ 1961ರಲ್ಲಿ ಪಂಚಾಂಗದಿಂದಲೇ ತೆಗೆಯಿತು, 1933ರಲ್ಲಿ ನಾಲ್ವಡಿಯವರು ಅಡಿಗಲ್ಲಿಟ್ಟ ಚರ್ಚಿನ ಹೆಸರು ಮಾತ್ರ ಜನರ ಬಾಯಲ್ಲಿ ಹಾಗೇ ನಿಂತಿದೆ.)

ಇಷ್ಟೆಲ್ಲ ಭಿನ್ನತೆ ಇದ್ದರೂ ಭಾನುವಾರ ಎರಡೂ ಕಡೆ ಎದ್ದು ನಿಂತು ಹೇಳುವ ವಿಶ್ವಾಸಪ್ರಮಾಣ ಒಂದೇ ಬೇರಿನದು: 325ರಲ್ಲಿ ನೈಸಿಯಾದಲ್ಲಿ ಸಿದ್ಧವಾಗಿ 381ರಲ್ಲಿ ಈಗಿನ ರೂಪಕ್ಕೆ ಬಂದದ್ದು. ಪೆಂತೆಕೋಸ್ತರು, ಬ್ಯಾಪ್ಟಿಸ್ಟರು ಅದನ್ನು ಪಠಿಸುವುದಿಲ್ಲ, ಆದರೆ ಅವರಲ್ಲಿ ಹೆಚ್ಚಿನವರು ನಂಬುವುದು ಅದನ್ನೇ. ಶನಿವಾರ ಕೂಡುವ ಸೆವೆಂತ್ ಡೇ ಅಡ್ವೆಂಟಿಸ್ಟರೂ ತ್ರಿಯೇಕ ದೇವರನ್ನು ಒಪ್ಪುತ್ತಾರೆ. ವಾರ ಬದಲಾಯಿತೆಂದು ಅವರನ್ನು ಹೊರಗಿಡುವುದು ಅವಸರದ ತೀರ್ಪು.

ಯೆಹೋವನ ಸಾಕ್ಷಿಗಳು ಈ ತ್ರಿಯೇಕ ನಂಬಿಕೆಯ ಗೆರೆಯ ಆಚೆ. ಯೋಹಾನನ ಸುವಾರ್ತೆಯ ಮೊದಲ ವಚನ ನಮ್ಮ ಹಳೆಯ ಸತ್ಯವೇದದಲ್ಲಿ "ಆ ವಾಕ್ಯವು ದೇವರಾಗಿತ್ತು" ಎಂದಿದೆ. ಅವರ ಇಂಗ್ಲಿಷ್ ತರ್ಜುಮೆಯಲ್ಲಿ ಅದು "ಒಬ್ಬ ದೇವರು" ಎಂಬ ಅರ್ಥಕ್ಕೆ ತಿರುಗುತ್ತದೆ, ಅದೂ ಸಣ್ಣ ಅಕ್ಷರದ ದೇವರು. ಕನ್ನಡದಲ್ಲಿ ದೊಡ್ಡಕ್ಷರ ಸಣ್ಣಕ್ಷರ ಇಲ್ಲದ್ದರಿಂದ ಈ ವಾದವನ್ನು ನಮ್ಮವರಿಗೆ ಬಿಡಿಸಿ ಹೇಳುವುದೇ ಕಷ್ಟ. ಯೇಸು ದೇವರ ಮೊದಲ ಸೃಷ್ಟಿ, ತಂದೆಗೆ ಸಮನಲ್ಲ ಎಂಬುದು ಅವರ ಬೋಧನೆ. ಸಭೆಗಳ ಭಾಷೆಯಲ್ಲಿ ಇದಕ್ಕೆ "ದುರ್ಬೋಧನೆ" ಎನ್ನುತ್ತಾರೆ. ಅದು ಬೋಧನೆಯ ಮೇಲಿನ ತೀರ್ಪು. ಕಾನೂನಿಗೆ ಅದರ ಗೊಡವೆಯಿಲ್ಲ. ಶಾಲೆಯಲ್ಲಿ ರಾಷ್ಟ್ರಗೀತೆಗೆ ಎದ್ದು ನಿಂತು, ಹಾಡದೇ ಇದ್ದ ಇದೇ ಸಮುದಾಯದ ಕೇರಳದ ಮೂವರು ಮಕ್ಕಳ ಪರವಾಗಿ ಸುಪ್ರೀಂ ಕೋರ್ಟ್ 1986ರಲ್ಲಿ ತೀರ್ಪು ಕೊಟ್ಟಿತು.

ಇಲ್ಲಿಯೇ "ಕಲ್ಟ್" ಎಂಬ ಪದ ಕಾಲಿಗೆ ತೊಡರುವುದು. ಅದನ್ನು ಕನ್ನಡದಲ್ಲಿ ಪಂಥ ಎಂದರೆ ಬೈಗುಳವಾಗುವುದಿಲ್ಲ. ಚರ್ಚಿನ ಹಳೆಯ ಲ್ಯಾಟಿನ್ನಿನಲ್ಲಿ ಕಲ್ಟ್‌ನ ಮೂಲ ಪದಕ್ಕೆ ಆರಾಧನೆ ಎಂದರ್ಥ, ಸಿನಿಮಾದವರಿಗೆ ಅದು ಹೊಗಳಿಕೆ. ನಮಗೆ ಬೇಕಾದ ಅರ್ಥ ಬೇರೆ: ಮನುಷ್ಯನನ್ನು ಕಟ್ಟಿಹಾಕುವ ಗುಂಪು. ಈ ಅಳತೆಗೂ ನೈಸಿಯಾದ ಅಳತೆಗೂ ಸಂಬಂಧವಿಲ್ಲ. 1978ರ ನವೆಂಬರ್ 18ರಂದು ಗಯಾನಾದಲ್ಲಿ 900ಕ್ಕೂ ಹೆಚ್ಚು ಮಂದಿಯನ್ನು ಸಾವಿಗೆ ದೂಡಿದ ಜಿಮ್ ಜೋನ್ಸ್, ಅಮೆರಿಕದ ಮಾನ್ಯ ಪ್ರೊಟೆಸ್ಟೆಂಟ್ ಪಂಗಡವೊಂದರಿಂದ ದೀಕ್ಷೆ ಪಡೆದ ಪಾದ್ರಿ. ಅವನ ಸಭೆಯೂ ಆ ಪಂಗಡದ ಪಟ್ಟಿಯಲ್ಲಿತ್ತು. ಬೋಧನೆ ನೇರವಿದ್ದೂ ಹಿಡಿತ ಸಡಿಲಿಸದ ಸಭೆ ಇರಬಹುದು, ಬೋಧನೆ ಸೊಟ್ಟಗಿದ್ದೂ ಯಾರಿಗೂ ಕೇಡು ಮಾಡದ ಗುಂಪು ಇರಬಹುದು.

ಹಾಗಾದರೆ ನೋಡುವುದೇನನ್ನು? ಮೊದಲು, ಪಾಸ್ಟರನ್ನು ಬದಲಿಸುವವರು ಯಾರು ಎಂದು ಕೇಳಿ. ಕಥೋಲಿಕ ಗುರುಗಳಿಗೂ ಸಿಎಸ್‌ಐ ಪಾದ್ರಿಗಳಿಗೂ ಕೆಲವು ವರ್ಷಕ್ಕೊಮ್ಮೆ ವರ್ಗ ಆಗುತ್ತದೆ. ಜನ ಗೊಣಗುತ್ತಾರೆ, ಆದರೆ ಆ ವರ್ಗವೇ ದೊಡ್ಡ ರಕ್ಷಣೆ. ಕಥೋಲಿಕ ಧರ್ಮಕೇಂದ್ರಕ್ಕೆ ಹಣಕಾಸು ಸಮಿತಿ ಕಡ್ಡಾಯ, ಸಿಎಸ್‌ಐನಲ್ಲಿ ಪ್ಯಾಸ್ಟರೇಟ್ ಕಮಿಟಿ ಇದೆ. ಬಾಡಿಗೆ ಹಾಲಿನಲ್ಲಿ ನಡೆಯುವ ಸ್ವತಂತ್ರ ಸಭೆಯಲ್ಲಿ ಪಾಸ್ಟರ್ ಅಧ್ಯಕ್ಷ, ಅವರ ಹೆಂಡತಿ ಕಾರ್ಯದರ್ಶಿ, ಬಾಮೈದ ಖಜಾಂಚಿ ಆಗಿದ್ದರೆ ಸೊಸೈಟಿ ನೋಂದಣಿ ಪತ್ರ ಗೋಡೆಯ ಮೇಲಿದ್ದೂ ಪ್ರಯೋಜನವಿಲ್ಲ. ನೋಂದಣಿ ಸಂಸ್ಥೆಗೆ, ಬೋಧನೆಗಲ್ಲ. ಮದುವೆಯೂ ಅಲ್ಲೇ ಆಗುವುದಾದರೆ, 1872ರ ಕ್ರೈಸ್ತ ವಿವಾಹ ಕಾಯ್ದೆಯಡಿ ಆ ಪಾಸ್ಟರ್‌ಗೆ ಸರ್ಕಾರದ ಪರವಾನಗಿ ಇದೆಯೇ ಎಂದು ಮೊದಲೇ ನೋಡಿ.

ದಶಮಾಂಶ (ಆದಾಯದ ಹತ್ತನೇ ಒಂದು ಪಾಲು) ಕೇಳುವುದು ತಪ್ಪಲ್ಲ. ಪಗಾರದ ಚೀಟಿ ತೋರಿಸು ಅನ್ನುವುದು, ಕೊಡದವರ ಹೆಸರನ್ನು ಮೈಕಿನಲ್ಲಿ ಓದುವುದು, ಒಡವೆ ಅಡವಿಟ್ಟು "ಬೀಜ ಬಿತ್ತು" (ಅಂದರೆ ಕಾಣಿಕೆ ಹಾಕು) ಎನ್ನುವುದು ತಪ್ಪು. ರಸೀದಿ ಕೇಳಿದಾಗ "ದೇವರಿಗೆ ಕೊಟ್ಟದ್ದಕ್ಕೆ ಲೆಕ್ಕವೇ?" ಎಂಬ ಉತ್ತರ ಬಂದರೆ ಅಲ್ಲಿಂದಾಚೆಗೆ ಕೇಳುವುದೇನೂ ಉಳಿದಿರುವುದಿಲ್ಲ.

ಔಷಧದ ವಿಷಯದಲ್ಲಿ ಕಾಯುವ ಹಾಗಿಲ್ಲ. ರೋಗಿಗೆ ಎಣ್ಣೆ ಹಚ್ಚಿ ಪ್ರಾರ್ಥಿಸುವುದು ಬೈಬಲಿನ ಯಾಕೋಬನ ಪತ್ರದಲ್ಲೇ ಇದೆ, ಕಥೋಲಿಕರಲ್ಲಿ ಅದು ಸಂಸ್ಕಾರವೂ ಹೌದು. ಎಣ್ಣೆ ಹಚ್ಚಿದ ಫಾದರ್ ಮಾತ್ರೆ ಬಿಡು ಅನ್ನುವುದಿಲ್ಲ. "ಮಾತ್ರೆ ತೆಗೆದುಕೊಂಡರೆ ವಿಶ್ವಾಸ ಕಡಿಮೆ" ಎಂಬ ಮಾತು ಬಂದ ದಿನವೇ ಮನೆಯವರು ಎಚ್ಚೆತ್ತುಕೊಳ್ಳಬೇಕು. ಟೈಪ್ ಒಂದು ಸಕ್ಕರೆ ಕಾಯಿಲೆಯವರು ಇನ್ಸುಲಿನ್ ಬಿಟ್ಟರೆ ಒಂದೆರಡು ದಿನದಲ್ಲೇ ಜೀವಕ್ಕೆ ಕುತ್ತು. ಫಿಟ್ಸ್ ಮಾತ್ರೆಯನ್ನು ದಿಢೀರನೆ ನಿಲ್ಲಿಸಿದರೆ ಬಿಡದೆ ಫಿಟ್ಸ್ ಬರಬಹುದು. ಯೆಹೋವನ ಸಾಕ್ಷಿಗಳು ಬೇಡ ಎನ್ನುವುದು ರಕ್ತ ಕೊಡಿಸುವುದನ್ನು, ಆಸ್ಪತ್ರೆಯನ್ನಲ್ಲ. ಆ ಮನೆಯವರು ಆಪರೇಷನ್‌ಗೆ ಸೇರುವ ಮೊದಲೇ ಇದನ್ನು ಡಾಕ್ಟರಿಗೆ ಹೇಳಿದ್ದರೆ ದಾರಿ ಹುಡುಕಲು ಸಮಯವಿರುತ್ತದೆ.

ಇತ್ತೀಚೆಗೆ ಹೆಚ್ಚು ಕಾಣುವ ಗುರುತು, ಹೆಸರು ಮುಚ್ಚಿಡುವುದು. ವಾಟ್ಸಾಪಿನಲ್ಲಿ ಉಚಿತ ಬೈಬಲ್ ಕ್ಲಾಸ್, ವಾರಕ್ಕೆ ಮೂರು ದಿನ ರಾತ್ರಿ ಒಂಬತ್ತಕ್ಕೆ, ತಿಂಗಳುಗಟ್ಟಲೆ. "ನೀವು ಯಾವ ಸಭೆ?" ಎಂದರೆ "ಸಭೆಯಿಲ್ಲ, ವಾಕ್ಯ ಅಷ್ಟೇ" ಎಂಬ ಉತ್ತರ. "ಮನೆಯಲ್ಲಿ ಈಗಲೇ ಹೇಳಬೇಡ, ಸೈತಾನ ಅಡ್ಡಿ ಮಾಡುತ್ತಾನೆ" ಎಂಬ ಕಿವಿಮಾತು. ದಕ್ಷಿಣ ಕೊರಿಯಾದ ಶಿಂಚೊಂಜಿ ಗುಂಪಿನ ಬಗ್ಗೆ 2020ರ ಕೋವಿಡ್ ಸಮಯದಲ್ಲಿ ಜಗತ್ತೆಲ್ಲ ಓದಿದ್ದು ಇಂಥ ಗುಟ್ಟಿನ ಪಾಠಗಳನ್ನೇ. ಹೆಸರು ಹೇಳದ ಬೋಧಕನಿಗೆ ಒಂದೇ ಪರೀಕ್ಷೆ: "ಮುಂದಿನ ಕ್ಲಾಸಿಗೆ ನಮ್ಮ ಫಾದರನ್ನೂ ಕರೆದುಕೊಂಡು ಬರಲೇ?" ಎಂದು ಕೇಳಿ. ಸರಿಯಾದವರು ಬನ್ನಿ ಎನ್ನುತ್ತಾರೆ, ಆಗದವರು ಮರುದಿನವೇ ಗ್ರೂಪಿನಿಂದ ತೆಗೆಯುತ್ತಾರೆ.

ಮಗನೋ ಮಗಳೋ ಆಗಲೇ ಒಳಗೆ ಹೋಗಿದ್ದರೆ ಬೈಬಲ್ ವಚನ ಹಿಡಿದು ವಾದಕ್ಕೆ ಇಳಿಯಬೇಡಿ, ಆ ವಾದಕ್ಕೆ ಅವರನ್ನು ಮೊದಲೇ ತಯಾರು ಮಾಡಿರುತ್ತಾರೆ. "ಮನೆಗೆ ಕಾಲಿಡಬೇಡ" ಅಂದಿರೋ, ಮನೆಯವರು ಶತ್ರುಗಳು ಎಂದು ಅಲ್ಲಿ ಹೇಳಿಕೊಟ್ಟದ್ದನ್ನು ನೀವೇ ನಿಜ ಮಾಡಿದ ಹಾಗೆ. ಅಂಕಪಟ್ಟಿ, ಪಾಸ್‌ಬುಕ್, ಪಾಸ್‌ಪೋರ್ಟ್ ಅವರ ಕೈಯಲ್ಲೇ ಇವೆಯೇ, ಗುಂಪಿನ ಯಾರಾದರೂ "ಜೋಪಾನಕ್ಕೆ" ಇಟ್ಟುಕೊಂಡಿದ್ದಾರೆಯೇ ಎಂದು ಮೆತ್ತಗೆ ವಿಚಾರಿಸಿ. ಭಾನುವಾರದ ಊಟಕ್ಕೆ ಕರೆಯುವುದನ್ನು ನಿಲ್ಲಿಸಬೇಡಿ. ಅವರು ಶನಿವಾರ ಮಾತ್ರ ಬಿಡುವು ಅಂದರೆ ಶನಿವಾರವೇ ಅಡುಗೆ ಮಾಡಿ.