ಬಿಸಿ ಗ್ಯಾರೇಜಿನಲ್ಲಿ ಬೆವರುವ ಎಂಜಿನ್

ನವೆಂಬರ್ ಎರಡನೆಯ ವಾರ ಬಂತೆಂದರೆ ನನ್ನ ಫೋನಿಗೆ ಒಂದೇ ಪ್ರಶ್ನೆ: "ಗ್ಯಾರೇಜಿಗೆ ಎಷ್ಟು ದೊಡ್ಡ ಹೀಟರ್ ಬೇಕು?" ಅಮೆರಿಕದ ಮಿನ್ನೆಸೋಟ ರಾಜ್ಯದ ಮಿನಿಯಾಪೊಲಿಸ್ ಸುತ್ತಿನ ಮನೆಗಳಿಗೆ ಹೀಟಿಂಗ್ ವ್ಯವಸ್ಥೆ ಕೂರಿಸುವುದು, ಕೆಟ್ಟರೆ ಸರಿಪಡಿಸುವುದು ನನ್ನ ಕಸುಬು. ಇಲ್ಲಿ ಮೋಟರ್‌ಸೈಕಲ್ ಇಟ್ಟುಕೊಂಡವರಿಗೆ ವರ್ಷದಲ್ಲಿ ಐದು ತಿಂಗಳು ಸವಾರಿಯಿಲ್ಲ. ಬಿಚ್ಚಿ ಜೋಡಿಸುವ ಕೆಲಸವೆಲ್ಲ ಈ ಚಳಿಯಲ್ಲೇ ಆಗಬೇಕು. ಹೊರಗೆ ಮೈನಸ್ 20 ಡಿಗ್ರಿ ಇರುವಾಗ ಸ್ಪ್ಯಾನರ್ ಹಿಡಿಯಲಾಗುವುದಿಲ್ಲ, ಟೈರಿನ ರಬ್ಬರು ಹಲಗೆಯಂತೆ ಬಿಗಿದಿರುತ್ತದೆ. ಗ್ಯಾರೇಜು ಬೆಚ್ಚಗಿರಲಿ ಎನ್ನುವ ಆಸೆಯಲ್ಲಿ ತಪ್ಪೇನೂ ಇಲ್ಲ. ನನ್ನ ತಾಳ್ಮೆ ಕೆಡಿಸುವುದು ಅದಕ್ಕಾಗಿ ಜನ ಹೊತ್ತು ತರುವ ಉಪಕರಣ: ಪ್ರೊಪೇನ್ ಗ್ಯಾಸ್ ಸಿಲಿಂಡರಿಗೆ ಸಿಕ್ಕಿಸಿ ನೆಲದ ಮೇಲಿಟ್ಟು ಹಚ್ಚುವ, ಹೊಗೆಕೊಳವೆಯೇ ಇಲ್ಲದ, ಭರ್ರೆಂದು ಬಿಸಿಗಾಳಿ ಊದುವ ಹೀಟರ್.

ಕೆಲವು ವರ್ಷಗಳ ಹಿಂದೆ ಮೈಸೂರಿನ ಹಿರಿಯರೊಬ್ಬರು ಕರೆದಿದ್ದರು. ನಿವೃತ್ತರಾದ ಮೇಲೆ ಊರಿನಿಂದ ತಮ್ಮ ಹಳೆಯ ಯೆಜ್ಡಿ ರೋಡ್‌ಕಿಂಗ್ ಅನ್ನು ಹಡಗಿನಲ್ಲಿ ತರಿಸಿಕೊಂಡಿದ್ದರು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ 250 ಸಿಸಿಯ ಬೈಕು. ಕಾರ್ಖಾನೆ 1996ರಲ್ಲಿ ಮುಚ್ಚಿತು, ಅದರ ಬಿಡಿಭಾಗಗಳನ್ನು ಈಗ ಹುಡುಕಿ ತರಿಸಬೇಕು. ಅವರು ಡಿಸೆಂಬರಿನಲ್ಲಿ ಎಂಜಿನ್ ಬಿಚ್ಚಿ, ಅದರ ಸಿಲಿಂಡರಿಗೆ, ಅಂದರೆ ಪಿಸ್ಟನ್ ಓಡಾಡುವ ಕೊಳವೆಗೆ, ಹೊಸದಾಗಿ ಬೋರ್ ಮಾಡಿಸಿ (ಒಳಮೈ ಕೊರೆಸಿ ನುಣುಪಾಗಿಸಿ) ತಂದು ಮೇಜಿನ ಮೇಲಿಟ್ಟಿದ್ದರು. ರಾತ್ರಿ ಮೂರು ಗಂಟೆ ಕಾಲ ಹೀಟರ್ ಉರಿಸಿ ಕೆಲಸ ಮಾಡಿ ಮಲಗಿದವರು ಬೆಳಿಗ್ಗೆ ಬಂದು ನೋಡಿದರೆ, ಕನ್ನಡಿಯಂತಿದ್ದ ಬೋರಿನ ಒಳಮೈಗೆ ಕಂದು ಪೊರೆ. ಬೋರ್ ಮಾಡಿದ ವರ್ಕ್‌ಶಾಪಿನವರು ಸರಿಯಾಗಿ ಎಣ್ಣೆ ಸವರಿಲ್ಲವೆಂದು ಅವರಿಗೆ ಸಿಟ್ಟು. ನನ್ನನ್ನು ಕರೆದಿದ್ದು ಬೇರೆ ಕಾರಣಕ್ಕೆ. "ಈ ಹೀಟರ್ ಸಾಲುವುದಿಲ್ಲ. ಕಬ್ಬಿಣ ಇನ್ನೂ ಕೊರೆಯುತ್ತಲೇ ಇದೆ. ಇದಕ್ಕಿಂತ ದೊಡ್ಡದು ಯಾವುದಿದೆ ಹೇಳಿ" ಎಂದರು.

"ಸರ್, ನೀವು ರಾತ್ರಿಯಿಡೀ ಆ ಸಿಲಿಂಡರಿಗೆ ನೀರು ಹಾಕಿದ್ದೀರಿ" ಎಂದೆ. ಅವರು ನನ್ನ ಮುಖ ನೋಡಿದರು. ಇದನ್ನು ಹೇಳಿದಾಗಲೆಲ್ಲ ಎದುರಿಗಿರುವವರು ಹಾಗೆಯೇ ನೋಡುತ್ತಾರೆ. ಬೆಂಕಿಯಿಂದ ನೀರು ಎಂಬ ಮಾತು ಎಷ್ಟು ಸಲ ಹೇಳಿದರೂ ಮನಸ್ಸಿಗೆ ಇಳಿಯುವುದಿಲ್ಲ. ಆದ್ದರಿಂದ ಲೆಕ್ಕವನ್ನೇ ಇಡುತ್ತೇನೆ.

ಪ್ರೊಪೇನಿನಲ್ಲಿ ಇಂಗಾಲದ ಜೊತೆ ಜಲಜನಕವೂ ಇದೆ. ಅದು ಉರಿದಾಗ ಗಾಳಿಯ ಆಮ್ಲಜನಕದೊಂದಿಗೆ ಸೇರಿ ನೀರಿನ ಆವಿಯಾಗುತ್ತದೆ. ಒಂದು ಕಿಲೋ ಪ್ರೊಪೇನ್ ಉರಿದರೆ ಹುಟ್ಟುವ ನೀರು ಸುಮಾರು 1.6 ಕಿಲೋ. ಅವರಲ್ಲಿದ್ದದ್ದು ಗಂಟೆಗೆ 60,000 ಬಿಟಿಯು (ಇಲ್ಲಿ ಶಾಖ ಅಳೆಯುವ ಮಾನ) ಶಾಖದ ಹೀಟರ್. ಪೂರ್ತಿ ಉರಿಸಿದರೆ ಅದು ಗಂಟೆಗೆ ಸುಮಾರು ಎರಡು ಲೀಟರ್ ನೀರನ್ನು ಆವಿಯ ರೂಪದಲ್ಲಿ ಗ್ಯಾರೇಜಿಗೆ ಸುರಿಯುತ್ತದೆ. ಎರಡು ಕಾರು ನಿಲ್ಲುವ ಗ್ಯಾರೇಜು, 24 ಅಡಿಗೆ 24 ಅಡಿ, ಎತ್ತರ 9 ಅಡಿ ಎಂದಿಟ್ಟುಕೊಳ್ಳಿ. ಒಳಗೆ 15 ಡಿಗ್ರಿ ಇದ್ದಾಗ ಅಲ್ಲಿನ ಗಾಳಿಯೆಲ್ಲ ಸೇರಿ ಹಿಡಿದಿಟ್ಟುಕೊಳ್ಳಬಲ್ಲ ನೀರು ಎರಡು ಲೀಟರಿಗೂ ತುಸು ಕಡಿಮೆ. ಅಂದರೆ ಒಂದೇ ಗಂಟೆಯ ಉರಿ ಗ್ಯಾರೇಜನ್ನು ತುಂಬಿಸಿಬಿಡುತ್ತದೆ. ಉಳಿದೆರಡು ಗಂಟೆಯ ನೀರು ಎಲ್ಲಿಗೆ ಹೋಗಬೇಕು? ಬಾಗಿಲ ಸಂದಿಗಳಿಂದ ಒಂದಿಷ್ಟು ಹೊರಗೆ ಹೋಗುತ್ತದೆ, ನಿಜ. ಮಿಕ್ಕಿದ್ದು ಎಲ್ಲಿ ತಣ್ಣಗಿದೆಯೋ ಅಲ್ಲಿ ಕೂರುತ್ತದೆ.

ತಣ್ಣಗಿರುವುದು ಯಾವುದು? ಗಾಳಿ ಹತ್ತು ನಿಮಿಷದಲ್ಲಿ ಬಿಸಿಯಾಗುತ್ತದೆ. ಎಂಜಿನ್, ಫ್ರೇಮು, ಕಾಂಕ್ರೀಟ್ ನೆಲ ಮಾತ್ರ ಗಂಟೆಗಟ್ಟಲೆ ಹಿಂದಿನ ರಾತ್ರಿಯ ಚಳಿಯಲ್ಲೇ ಇರುತ್ತವೆ. ಮಂಗಳೂರಿನ ಬೇಸಿಗೆಯಲ್ಲಿ ಫ್ರಿಜ್ಜಿನಿಂದ ತೆಗೆದಿಟ್ಟ ಸ್ಟೀಲ್ ಚೊಂಬು ಬೆವರುವುದನ್ನು ನೋಡಿದ್ದೀರಲ್ಲ, ಅದೇ ಇದು. ಬೋರಿನ ಒಳಗೆ, ಬೇರಿಂಗಿನ ಗುಂಡುಗಳ ನಡುವೆ, ಬಿಚ್ಚಿಟ್ಟ ಕಾರ್ಬ್ಯುರೇಟರಿನ ಸಣ್ಣ ತೂತುಗಳಲ್ಲಿ ಆ ಬೆವರು ಕಟ್ಟುತ್ತದೆ. ಇನ್ನೂ ದೊಡ್ಡ ಹೀಟರ್ ತಂದರೆ ಇನ್ನೂ ಹೆಚ್ಚು ನೀರು, ಅಷ್ಟೇ.

ಇದರ ಇನ್ನೊಂದು ಮಗ್ಗುಲನ್ನು ನೋಡಿ. ಮೈನಸ್ 20 ಡಿಗ್ರಿಯ ಹೊರಗಾಳಿಯಲ್ಲಿ ಒಂದು ಘನ ಮೀಟರಿಗೆ ಒಂದು ಗ್ರಾಂ ಆಸುಪಾಸು ನೀರಿರುತ್ತದೆ. ಆ ಗಾಳಿಯನ್ನು ಬೆಂಕಿಯಿಲ್ಲದೆ ಬಿಸಿ ಮಾಡಿದರೆ ಅದು ಒಣಗಾಳಿ. 15 ಡಿಗ್ರಿಯಲ್ಲಿ ಅದಕ್ಕೆ 13 ಗ್ರಾಂನಷ್ಟು ಹೀರುವ ಶಕ್ತಿಯಿದೆ. ಮಿನ್ನೆಸೋಟದ ಚಳಿಗಾಲ ತುಕ್ಕು ಹಿಡಿಸುವ ಕಾಲವೇ ಅಲ್ಲ. ತುಕ್ಕನ್ನು ಒಳಗೆ ಕರೆತರುವವರು ನಾವು.

ಚಳಿಗಾಲದಲ್ಲಿ ವಾರಕ್ಕೊಮ್ಮೆ ಬೈಕನ್ನು ಐದು ನಿಮಿಷ ಸ್ಟಾರ್ಟ್ ಮಾಡಿಡುವವರಿಗೂ ಇದೇ ಮಾತು. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರೇ ಹುಟ್ಟುತ್ತದೆ. ಎಂಜಿನ್ ಪೂರ್ತಿ ಕಾಯದಿದ್ದರೆ ಅದರಲ್ಲಿ ಒಂದು ಪಾಲು ಸೈಲೆನ್ಸರಿನಲ್ಲೂ ಆಯಿಲಿನಲ್ಲೂ ಉಳಿಯುತ್ತದೆ. ಬೈಕನ್ನು ಸುಮ್ಮನೆ ಮಲಗಲು ಬಿಡಿ.

ಇಷ್ಟು ಹೊತ್ತು ಕಬ್ಬಿಣದ ಮಾತಾಯಿತು. ಮನುಷ್ಯನ ಮಾತು ಅದಕ್ಕಿಂತ ದೊಡ್ಡದು. ಮಲೆನಾಡಿನ ನಮ್ಮ ಅಜ್ಜಿಮನೆಯಲ್ಲಿ ಬಚ್ಚಲೊಲೆ ದಿನವಿಡೀ ಉರಿಯುತ್ತಿತ್ತು, ಮಳೆಗಾಲದಲ್ಲಿ ಅಗ್ಗಿಷ್ಟಿಕೆಯ ಸುತ್ತ ಮನೆಮಂದಿಯೆಲ್ಲ ಕೂರುತ್ತಿದ್ದೆವು. ಯಾರಿಗೂ ಏನೂ ಆಗಲಿಲ್ಲ, ಏಕೆಂದರೆ ಹಂಚಿನ ಸಂದಿಗಳಲ್ಲಿ ಹೊಗೆ ಹೊರಗೆ ಹೋಗುತ್ತಿತ್ತು. ಆ ನೆನಪಿನ ಧೈರ್ಯದಲ್ಲೇ ಇಲ್ಲಿ ಕೆಲವರು ಸುತ್ತ ಬಿಗಿದ ಗ್ಯಾರೇಜಿನಲ್ಲಿ ಜ್ವಾಲೆ ಹಚ್ಚುತ್ತಾರೆ. ಉರಿ ಅರೆಬರೆಯಾದಾಗ ಹುಟ್ಟುವ ವಿಷಾನಿಲ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ವಾಕರಿಕೆ ಬಂದಾಗ ದಣಿವೆಂದುಕೊಳ್ಳುತ್ತೀರಿ. ಆ ಅನಿಲವನ್ನು ಗುರುತಿಸಿ ಕೂಗುವ ಅಲಾರಂ ಇದೆಯಲ್ಲ ಎನ್ನಬೇಡಿ. ಇಲ್ಲಿನ ಮಾನದಂಡದಂತೆ ಮನೆಬಳಕೆಯ ಅಲಾರಂ 70 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 70 ಪಾಲು) ಮಟ್ಟಕ್ಕೆ ಕೂಗಲು ಒಂದರಿಂದ ನಾಲ್ಕು ಗಂಟೆ ಹಿಡಿಯಬಹುದು. ಹಲವು ಅಲಾರಂಗಳು ಕೊರೆಯುವ ಚಳಿಯಲ್ಲಿ ಕೆಲಸ ಮಾಡಲೆಂದು ರೂಪಿಸಿದವೂ ಅಲ್ಲ. ಅಲಾರಂ ಇರಲೇಬೇಕು, ಮನೆಯೊಳಗೆ, ಗ್ಯಾರೇಜಿನಿಂದ ಬರುವ ಬಾಗಿಲ ಬಳಿಯೂ ಇರಬೇಕು. ಆದರೆ ಅದು ಸುಮ್ಮನಿದೆ ಎಂದ ಮಾತ್ರಕ್ಕೆ ಗಾಳಿ ಶುದ್ಧವಾಗಿದೆ ಎಂದಲ್ಲ.

ಹಾಗಾದರೆ ಏನು ಮಾಡಬೇಕು? ಮೊದಲು ಹೀಟರ್ ಅಲ್ಲ, ಬಾಗಿಲು. 16 ಅಡಿ ಅಗಲದ ಗ್ಯಾರೇಜು ಬಾಗಿಲಿನ ಕೆಳಗಿನ ರಬ್ಬರು ಸವೆದಿದ್ದರೆ ಎಷ್ಟು ಕಾಯಿಸಿದರೂ ಶಾಖ ನಿಲ್ಲುವುದಿಲ್ಲ. ಆಮೇಲೆ ಚಾವಣಿಗೆ ಶಾಖ ತಡೆಯುವ ಹೊದಿಕೆ. ಇವೆರಡೂ ಆದ ಮೇಲೆ, ಸಾಮಾನ್ಯವಾಗಿ 240 ವೋಲ್ಟಿನ, 5,000 ವ್ಯಾಟಿನ ಎಲೆಕ್ಟ್ರಿಕ್ ಹೀಟರನ್ನು ಚಾವಣಿಗೆ ತೂಗುಹಾಕುತ್ತೇನೆ. ಅದಕ್ಕೆ ಪ್ರತ್ಯೇಕ 30 ಆಂಪಿಯರ್ ಲೈನು ಬೇಕು. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ, ಎಕ್ಸ್‌ಟೆನ್ಷನ್ ವೈರು ಎಳೆಯಬೇಡಿ. ಗ್ಯಾಸೇ ಬೇಕೆಂದರೆ, ಉರಿಯಲು ಬೇಕಾದ ಗಾಳಿಯನ್ನು ಹೊರಗಿನಿಂದ ಎಳೆದುಕೊಂಡು ಹೊಗೆಯನ್ನು ಹೊರಕ್ಕೇ ಬಿಡುವ ಮಾದರಿಯದು. ನಿಮ್ಮ ಊರಿನ ಕಟ್ಟಡ ನಿಯಮ, ಗ್ಯಾರೇಜಿನ ಗೋಡೆಯ ಸ್ಥಿತಿ ನೋಡದೆ ಇದಕ್ಕಿಂತ ಖಚಿತವಾಗಿ ಹೇಳಲು ನಾನು ಒಪ್ಪುವುದಿಲ್ಲ. ಇನ್ನು, ಶನಿವಾರ ಬೆಳಿಗ್ಗೆ ಒಮ್ಮೆಲೇ ಕಾಯಿಸಬೇಡಿ. ವಾರವಿಡೀ 6-7 ಡಿಗ್ರಿಯಲ್ಲಿಟ್ಟು ಹಿಂದಿನ ಸಂಜೆ ಮೆಲ್ಲಗೆ ಏರಿಸಿ, ಕಬ್ಬಿಣವೂ ಜೊತೆಯಲ್ಲೇ ಬೆಚ್ಚಗಾಗುತ್ತದೆ. ಹಿಮ ಮೆತ್ತಿದ ಕಾರನ್ನು ಆ ದಿನ ಹೊರಗೇ ನಿಲ್ಲಿಸಿ.

ಪೆಟ್ರೋಲ್ ಬಗ್ಗೆ ಒಂದು ಮಾತು. "ಈ ಚಳಿಗೆ ಅದೆಲ್ಲಿ ಹೊತ್ತಿಕೊಳ್ಳುತ್ತದೆ" ಎಂದವರಿದ್ದಾರೆ. ಮೈನಸ್ 40 ಡಿಗ್ರಿಯಲ್ಲೂ ಕಿಡಿ ತಗುಲಿದರೆ ಹೊತ್ತಿಕೊಳ್ಳುವಷ್ಟು ಆವಿ ಅದರಿಂದ ಏಳುತ್ತದೆ. ಆ ಆವಿ ಗಾಳಿಗಿಂತ ಭಾರ, ನೆಲದುದ್ದಕ್ಕೂ ಹರಿಯುತ್ತದೆ. ನೆಲದ ಮೇಲಿಟ್ಟ ಜ್ವಾಲೆಯ ಹೀಟರನ್ನು ನಾನು ವಿರೋಧಿಸುವುದಕ್ಕೆ ಇದೂ ಕಾರಣ. ಟ್ಯಾಂಕು ಬಿಚ್ಚಿದ ದಿನ, ಕಾರ್ಬ್ಯುರೇಟರ್ ತೊಳೆಯುವ ದಿನ ಯಾವ ಹೀಟರೂ ಬೇಡ. ಬಾಗಿಲು ತೆರೆದಿಟ್ಟು ಜಾಕೆಟ್ ಹಾಕಿಕೊಂಡೇ ಮಾಡಿ.

ಮೈಸೂರಿನ ಆ ಹಿರಿಯರು ಪ್ರೊಪೇನ್ ಹೀಟರನ್ನು ಅಂಗಡಿಗೆ ಹಿಂದಿರುಗಿಸಿದರು. ಬೋರನ್ನು ಮತ್ತೊಮ್ಮೆ ಉಜ್ಜಿಸಬೇಕಾಯಿತು. ಪುಣ್ಯಕ್ಕೆ ಪಿಸ್ಟನ್ ಬದಲಿಸುವ ಹಂತಕ್ಕೆ ಹೋಗಲಿಲ್ಲ. ಫೆಬ್ರುವರಿಯಲ್ಲಿ ಎಂಜಿನ್ ಜೋಡಿಸಿ ಮುಗಿಸಿ ಮತ್ತೆ ಫೋನ್ ಮಾಡಿದರು: "ಈಗ ಒಳಗೆ ಹಿತವಾಗಿದೆ. ಟ್ಯಾಂಕಿಗೆ ಬಣ್ಣವನ್ನೂ ಇಲ್ಲೇ ಹೊಡೆದುಬಿಡಲೇ?" ಬಣ್ಣದ ಆವಿ ಹೊರಗೆ ಹೋಗಬೇಕಾದರೆ ಬಾಗಿಲು ತೆರೆಯಬೇಕು, ತೆರೆದರೆ ಶಾಖ ನಿಲ್ಲುವುದಿಲ್ಲ, ಮುಚ್ಚಿದರೆ ಉಸಿರಿಗೂ ಅಪಾಯ, ಬೆಂಕಿಯ ಭಯವೂ ಇದೆ. ಅದೊಂದನ್ನು ಮೇ ತಿಂಗಳಿಗೆ ಇಟ್ಟುಕೊಳ್ಳಿ ಎಂದೆ. ಇಟ್ಟುಕೊಂಡರು.