ಮದರ್‌ಬೋರ್ಡ್ ಬದಲಾದರೂ ಹಳೆಯ ವಿಂಡೋಸ್ ಉಳಿಸಿಕೊಳ್ಳುವುದು: ಒಂದು ಅಧ್ಯಯನ ಟಿಪ್ಪಣಿ

ಕರಾವಳಿಯಲ್ಲಿ ಕಂಪ್ಯೂಟರ್ ರಿಪೇರಿ ಕಲಿಯುವ ನಮಗೆ ಮದರ್‌ಬೋರ್ಡ್ ಬದಲಾಯಿಸುವ ಕೆಲಸ ಹೆಚ್ಚಾಗಿ ಎರಡು ಕಾಲದಲ್ಲಿ ಬರುತ್ತದೆ: ಮಳೆಗಾಲ ಹಿಡಿಯುವ ಮೊದಲಿನ ಎಪ್ರಿಲ್–ಮೇ ತಿಂಗಳ ಗುಡುಗಿನಲ್ಲಿ ಒಮ್ಮೆ, ಮಳೆ ಹಿಂದೆ ಸರಿಯುವ ಅಕ್ಟೋಬರಿನ ಸಿಡಿಲಿನಲ್ಲಿ ಇನ್ನೊಮ್ಮೆ. ಕರೆಂಟಿನ ಪ್ಲಗ್ ಕಿತ್ತಿಟ್ಟವರೂ ಇಂಟರ್ನೆಟ್ಟಿನ ಕೇಬಲ್ ಕೀಳಲು ಮರೆಯುತ್ತಾರೆ. ಸಿಡಿಲು ಆ ತಾಮ್ರದ ತಂತಿಯ ದಾರಿಯಲ್ಲಿ ಬಂದು ಲ್ಯಾನ್ ಪೋರ್ಟನ್ನೂ ಅದರ ಜೊತೆಗೆ ಬೋರ್ಡನ್ನೂ ಸುಡುತ್ತದೆ. ಕಳೆದ ಅಕ್ಟೋಬರಿನಲ್ಲಿ ಕಾಪುವಿನ ಒಂದು ಝೆರಾಕ್ಸ್ ಅಂಗಡಿಯಲ್ಲಿ ನಾನು ಕಂಡದ್ದು ಇದನ್ನೇ. ಬೋರ್ಡು ಹೋಗಿತ್ತು, ಎಸ್‌ಎಸ್‌ಡಿ ಉಳಿದಿತ್ತು. "ಫಾರ್ಮ್ಯಾಟ್ ಮಾತ್ರ ಮಾಡ್ಬೇಡಿ ಮಾರಾಯ್ರೆ, ನುಡಿ, ಪ್ರಿಂಟರ್, ಬಿಲ್ಲಿನ ಸಾಫ್ಟ್‌ವೇರ್ ಎಲ್ಲ ಪುನಃ ಕೂರಿಸ್ಲಿಕ್ಕೆ ನನ್ನಿಂದ ಆಗುದಿಲ್ಲ" ಎಂದು ಅಂಗಡಿಯವರು ಕೇಳಿಕೊಂಡರು. ಅವರ ಮಾತು ನ್ಯಾಯವಾದದ್ದು. ಹೊಸದಾಗಿ ವಿಂಡೋಸ್ ಹಾಕುವುದು ನಮಗೆ ಒಂದು ಗಂಟೆಯ ಕೆಲಸ. ಅದರ ಮೇಲೆ ವರ್ಷಗಟ್ಟಲೆ ಕೂಡಿಸಿದ್ದನ್ನು ಮರಳಿ ಕಟ್ಟುವುದು ಅವರಿಗೆ ವಾರದ ಕೆಲಸ.

ವಿಂಡೋಸ್ ಪೂರ್ತಿಯಾಗಿ ಡಿಸ್ಕಿನಲ್ಲಿದೆ ಎಂದು ನಾವು ಭಾವಿಸುತ್ತೇವೆ. ಕಡತಗಳ ಮಟ್ಟಿಗೆ ಅದು ನಿಜ. ಆದರೆ ಅದು ನೆಚ್ಚಿಕೊಂಡಿರುವ ಮೂರು ಸಂಗತಿಗಳು ಬೋರ್ಡಿನ ಕಡೆಯಲ್ಲಿರುತ್ತವೆ: ಯಾವ ಕಡತದಿಂದ ಬೂಟ್ ಆಗಬೇಕೆಂಬ ನಮೂದು, ಡಿಸ್ಕಿನ ಬೀಗ ತೆರೆಯುವ ಟಿಪಿಎಂ ಎಂಬ ಭದ್ರತಾ ಭಾಗ, ಮತ್ತು ಲೈಸನ್ಸ್ ಗುರುತಿಸುವ ಯಂತ್ರದ ಚಹರೆ. ಬೋರ್ಡು ಬದಲಾದಾಗ ಈ ಮೂರೂ ಒಟ್ಟಿಗೆ ಇಲ್ಲವಾಗುತ್ತವೆ. ಆದ್ದರಿಂದ ಹಳೆಯ ಬೋರ್ಡಿಗೆ ಇನ್ನೂ ಜೀವವಿದ್ದರೆ, ಸ್ಕ್ರೂಡ್ರೈವರ್ ಹಿಡಿಯುವ ಮುನ್ನವೇ ಹೆಚ್ಚಿನ ಕೆಲಸವನ್ನು ಮುಗಿಸಬೇಕು. ಇಡೀ ಡಿಸ್ಕಿನ ಇಮೇಜ್ ಪ್ರತಿಯೊಂದನ್ನು ಬೇರೆ ಡ್ರೈವಿಗೆ ತೆಗೆದಿಡುವುದೂ ಆ ಹೊತ್ತಿನ ಕೆಲಸವೇ.

ಮೂರರಲ್ಲಿ ಅತ್ಯಂತ ಅಪಾಯದ್ದು ಡಿಸ್ಕಿನ ಬೀಗ, ಅಂದರೆ ವಿಂಡೋಸ್‌ನ ಬಿಟ್‌ಲಾಕರ್. ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ, ಮೈಕ್ರೋಸಾಫ್ಟ್ ಖಾತೆಯೊಡನೆ ಹೊಸದಾಗಿ ಸ್ಥಾಪಿಸಿದ ಬಹಳಷ್ಟು ಯಂತ್ರಗಳಲ್ಲಿ ಡಿಸ್ಕ್ ತಾನಾಗಿಯೇ ಗೂಢಲಿಪೀಕರಣಗೊಳ್ಳುತ್ತದೆ. ಹೀಗಾಗಿ "ನಾವು ಯಾವ ಲಾಕೂ ಹಾಕಿಲ್ಲ" ಎಂದು ಗ್ರಾಹಕರು ಪ್ರಾಮಾಣಿಕವಾಗಿಯೇ ಹೇಳಿದರೂ ಅದನ್ನು ನೆಚ್ಚಬಾರದು. ಕೀಲಿಯನ್ನು ಹಳೆಯ ಬೋರ್ಡಿನ ಟಿಪಿಎಂಗೆ ಕಟ್ಟಿರುವುದರಿಂದ ಹೊಸ ಬೋರ್ಡು ಅದನ್ನು ಬಿಚ್ಚಲಾರದು, ಪರದೆಯ ಮೇಲೆ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಆ ಕೀ ಎಲ್ಲಿಯೂ ಸಿಗದಿದ್ದರೆ ದತ್ತಾಂಶ ಹೋದಂತೆಯೇ. ಯಾವ ಪರಿಣತನೂ ಅದನ್ನು ಮರಳಿ ಕೊಡಲಾರ. ಕಾಪುವಿನಲ್ಲಿ ನಮಗೆ ಎದುರಾದದ್ದು ಇದೇ ಪರದೆ. ಯಂತ್ರವನ್ನು ಮೊದಲು ಸಿದ್ಧಪಡಿಸಿದವನು ಮಣಿಪಾಲದಲ್ಲಿ ಓದುವ ಅವರ ಮಗನೆಂದು ಕೇಳಿ ತಿಳಿದ ಮೇಲೆ ಅವನಿಗೆ ಫೋನು ಮಾಡಿಸಿದೆವು. ಅವನ ಮೈಕ್ರೋಸಾಫ್ಟ್ ಖಾತೆಯ ಪುಟದಲ್ಲಿ ಎರಡು ಕೀಗಳಿದ್ದವು, ಪರದೆಯಲ್ಲಿ ಕಂಡ ಕೀ ಐಡಿಯ ಮೊದಲ 8 ಅಕ್ಷರಗಳನ್ನು ಹೊಂದಿಸಿ ನೋಡಿ ಸರಿಯಾದದ್ದನ್ನು ಆರಿಸಿದೆವು. "ಇದನ್ನು ಮೊದಲು ಆನ್ ಮಾಡಿದ್ದು ಯಾರು, ಯಾವ ಇಮೇಲಿನಿಂದ?" ಎಂಬ ಪ್ರಶ್ನೆಯನ್ನು ನಾನು ಈಗ ಬೆಲೆ ಹೇಳುವ ಮೊದಲೇ ಕೇಳುತ್ತೇನೆ.

ಹಳೆಯ ಬೋರ್ಡು ಇನ್ನೂ ನಡೆಯುತ್ತಿದ್ದರೆ ದಾರಿ ಸುಲಭ: ರಿಕವರಿ ಕೀಯನ್ನು ಕಾಗದದಲ್ಲಿ ಬರೆದುಕೊಂಡು, ಸಮಯವಿದ್ದರೆ ಬಿಟ್‌ಲಾಕರನ್ನು ಪೂರ್ತಿ ಆಫ್ ಮಾಡಿ, ಹೊಸ ಬೋರ್ಡಿನಲ್ಲಿ ಎಲ್ಲವೂ ಸರಿಯಾದ ಮೇಲೆ ಮತ್ತೆ ಆನ್ ಮಾಡುವುದು. ಸಸ್ಪೆಂಡ್ ಮಾಡಿದರೂ ನಡೆಯುತ್ತದೆ, ಆದರೆ ಅದು ಒಂದು ರೀಸ್ಟಾರ್ಟಿನ ಬಳಿಕ ತಾನಾಗಿ ಮತ್ತೆ ಜಾರಿಗೆ ಬರಬಹುದು. ನಾಲ್ಕಂಕಿಯ ಪಿನ್ ಕೂಡ ಟಿಪಿಎಂಗೆ ಅಂಟಿಕೊಂಡದ್ದಾದ್ದರಿಂದ ಹೊಸ ಬೋರ್ಡಿನಲ್ಲಿ ಅದು ಕೆಲಸ ಮಾಡುವುದಿಲ್ಲ. ಖಾತೆಯ ನಿಜವಾದ ಪಾಸ್‌ವರ್ಡ್ ಗೊತ್ತಿರಬೇಕು.

ಇನ್ನು ಬೂಟ್ ವಿಷಯ. ಹಳೆಯ ಬಯೋಸ್‌ನ ಜಾಗಕ್ಕೆ ಬಂದ ಯುಇಎಫ್‌ಐ ಇರುವ ಬೋರ್ಡುಗಳಲ್ಲಿ ಬೂಟ್ ನಮೂದು ಬೋರ್ಡಿನ ಫ್ಲ್ಯಾಶ್ ಸ್ಮೃತಿಯಲ್ಲಿರುವುದರಿಂದ ಹೊಸ ಬೋರ್ಡಿಗೆ ಅದು ತಿಳಿದಿರುವುದಿಲ್ಲ. ಆದರೂ ಹೆಚ್ಚಿನ ಸಲ ಬೂಟ್ ಆಗುವುದಕ್ಕೆ ಕಾರಣವಿದೆ: ನಮೂದು ಇಲ್ಲದಿದ್ದಾಗ ಎಲ್ಲ ಬೋರ್ಡುಗಳೂ ಹುಡುಕುವ ಒಂದು ನಿಗದಿತ ಹೆಸರಿನ ಕಡತವನ್ನು ವಿಂಡೋಸ್ ಸ್ಥಾಪನೆಯ ವೇಳೆಯಲ್ಲೇ ಬೂಟ್ ಕಡತಗಳಿಗೆಂದೇ ಡಿಸ್ಕಿನಲ್ಲಿರುವ ಇಎಫ್‌ಐ ವಿಭಾಗದಲ್ಲಿ ಇಟ್ಟಿರುತ್ತದೆ. ಅದೂ ಸಿಗದಿದ್ದರೆ ವಿಂಡೋಸ್ ಸ್ಥಾಪನೆಯ ಪೆನ್‌ಡ್ರೈವಿನಿಂದ ಬೂಟ್ ಮಾಡಿ ಬಿಸಿಡಿಬೂಟ್ ಆದೇಶದಿಂದ ಆ ಕಡತಗಳನ್ನು ಮರಳಿ ಬರೆಸಬಹುದು. ಡಿಸ್ಕ್ ಹಳೆಯ ಎಂಬಿಆರ್ ವಿಭಜನಾ ಪದ್ಧತಿಯದ್ದಾಗಿದ್ದು ಹೊಸ ಬೋರ್ಡಿನಲ್ಲಿ ಹಳೆಯ ಬಯೋಸ್ ರೀತಿಗೆ ಆಸರೆಯಾದ ಸಿಎಸ್‌ಎಂ ಆಯ್ಕೆ ಇಲ್ಲದಿದ್ದರೆ ಮಾತ್ರ ಡಿಸ್ಕನ್ನು ಹೊಸ ಪದ್ಧತಿಯಾದ ಜಿಪಿಟಿಗೆ ಮಾರ್ಪಡಿಸಬೇಕು. ವಿಂಡೋಸ್ 10ರ 1703 ಆವೃತ್ತಿಯಿಂದ ಅದರ ಜೊತೆಗೇ ಬರುವ ಎಂಬಿಆರ್‌ಟುಜಿಪಿಟಿ ಇದನ್ನು ಕಡತಗಳಿಗೆ ಕೈಹಚ್ಚದೆ ಮಾಡುತ್ತದೆ.

ಬೂಟ್ ಶುರುವಾಗಿ ನೀಲಿ ಪರದೆಯಲ್ಲಿ ನಿಂತರೆ ಸಂಗ್ರಹ ನಿಯಂತ್ರಕದ ರೀತಿಯನ್ನು ನೋಡಬೇಕು. ವಿಂಡೋಸ್ 7ರ ಕಾಲದಲ್ಲಿ ಡಿಸ್ಕಿನೊಡನೆ ಮಾತಾಡುವ ಎಎಚ್‌ಸಿಐ ಮತ್ತು ಐಡಿಇ ಎಂಬ ರೀತಿಗಳು ಅದಲುಬದಲಾದರೆ ಸಾಕು, 7ಬಿ ಎಂದು ಕೊನೆಗೊಳ್ಳುವ ದೋಷಸಂಖ್ಯೆ ಕಾಣುತ್ತಿತ್ತು, ಏಕೆಂದರೆ ಸ್ಥಾಪಿಸುವಾಗ ಬೇಡವಾಗಿದ್ದ ಡ್ರೈವರನ್ನು ಬೂಟ್ ವೇಳೆಯಲ್ಲಿ ಅದು ಲೋಡ್ ಮಾಡುತ್ತಿರಲಿಲ್ಲ. ವಿಂಡೋಸ್ 8ರ ನಂತರದ ಆವೃತ್ತಿಗಳು ಹೆಚ್ಚು ಹೊಂದಿಕೊಳ್ಳುತ್ತವೆ. ಆದರೆ 11ನೇ ಪೀಳಿಗೆಯಿಂದ ಈಚಿನ ಇಂಟೆಲ್ ಯಂತ್ರಗಳಲ್ಲಿ ಕಾಣುವ ವಿಎಂಡಿ ಎಂಬ ಸಂಗ್ರಹ ನಿಯಂತ್ರಕದ ಆಯ್ಕೆ ಆನ್ ಆಗಿದ್ದರೆ ಹಳೆಯ ವಿಂಡೋಸ್‌ಗೆ ಡಿಸ್ಕೇ ಕಾಣದಿರಬಹುದು. ಬಯೋಸ್ ಸೆಟಪ್ಪಿನಲ್ಲಿ ಅದನ್ನು ಆಫ್ ಮಾಡಿ ನೋಡಬೇಕು. ಹಳೆಯ ಯಂತ್ರ, ಹಲವು ಡಿಸ್ಕುಗಳನ್ನು ಒಂದಾಗಿ ಕಾಣಿಸಬಲ್ಲ ರೇಡ್ ರೀತಿಯಲ್ಲಿತ್ತೆಂದು ಮೊದಲೇ ತಿಳಿದಿದ್ದರೆ, ಹೊಸ ಬೋರ್ಡಿನ ಮೊದಲ ಬೂಟ್ ಸೇಫ್ ಮೋಡಿನಲ್ಲಿ ಆಗುವಂತೆ ಮುಂಚೆಯೇ ಹೊಂದಿಸಿಡುವುದು ಒಳ್ಳೆಯದು. ಸೇಫ್ ಮೋಡಿನಲ್ಲಿ ವಿಂಡೋಸ್ ಬೇಕಾದ ಸಂಗ್ರಹ ಡ್ರೈವರನ್ನು ತಾನೇ ಎಬ್ಬಿಸಿಕೊಳ್ಳುತ್ತದೆ.

ಲೈಸನ್ಸಿನ ನಿಯಮ ಸರಳ. ಯಂತ್ರದ ಜೊತೆಗೇ ಬಂದ ಒಇಎಂ ಲೈಸನ್ಸ್ ಬೋರ್ಡಿಗೆ ಸೇರಿದ್ದು, ಬಿಡಿಯಾಗಿ ಕೊಂಡ ರಿಟೇಲ್ ಲೈಸನ್ಸ್ ಹೊಸ ಬೋರ್ಡಿಗೆ ಬರುತ್ತದೆ. ಮೊದಲೇ ಮೈಕ್ರೋಸಾಫ್ಟ್ ಖಾತೆಗೆ ಜೋಡಿಸಿಟ್ಟಿದ್ದರೆ, ಆಕ್ಟಿವೇಷನ್ ಪುಟದ ಟ್ರಬಲ್‌ಶೂಟರಿನಲ್ಲಿ ಹಾರ್ಡ್‌ವೇರ್ ಬದಲಾಗಿದೆ ಎಂಬ ಆಯ್ಕೆಯನ್ನು ಒತ್ತಿ ಮುಂದುವರಿಯಬಹುದು. ವಿಂಡೋಸ್ 10ರ 1607 (2016) ಆವೃತ್ತಿಯಿಂದ ಈ ಸೌಲಭ್ಯವಿದೆ. ಯಂತ್ರದ ಗುರುತಿಗೆ ಕಟ್ಟಿಕೊಂಡ ಲೆಕ್ಕಪತ್ರದ ಸಾಫ್ಟ್‌ವೇರುಗಳನ್ನೂ ಇದೇ ಕಣ್ಣಿನಿಂದ ನೋಡಬೇಕು. ಹೊಸ ಬೋರ್ಡಿನ ಲ್ಯಾನ್ ಡ್ರೈವರನ್ನು ಪೆನ್‌ಡ್ರೈವಿಗೆ ಮೊದಲೇ ಹಾಕಿಟ್ಟುಕೊಳ್ಳಬೇಕು, 2.5 ಗಿಗಾಬಿಟ್ ಪೋರ್ಟುಗಳಿಗೆ ಬೇಕಾದ ಡ್ರೈವರ್ ವಿಂಡೋಸ್ 10ರಲ್ಲಿ ಎಷ್ಟೋ ಸಲ ಇರುವುದಿಲ್ಲ, ಇಂಟರ್ನೆಟ್ ಇಲ್ಲದೆ ಆಕ್ಟಿವೇಷನ್ನೂ ಮುಂದೆ ಸಾಗುವುದಿಲ್ಲ.

ಉಬುಂಟುವಿನಂಥ ಲಿನಕ್ಸ್ ಈ ವಿಷಯದಲ್ಲಿ ಹೆಚ್ಚು ಉದಾರಿ. ಅದರ ಕರ್ನಲ್ ಪ್ರತಿ ಬಾರಿಯೂ ಯಂತ್ರಾಂಶವನ್ನು ಹೊಸದಾಗಿ ಗುರುತಿಸುತ್ತದೆ, ಡಿಸ್ಕುಗಳನ್ನು ಯುಯುಐಡಿ ಎಂಬ ವಿಶಿಷ್ಟ ಗುರುತಿನಿಂದ ಹುಡುಕುತ್ತದೆ. ಸಾಮಾನ್ಯವಾಗಿ ತಪ್ಪುವುದು ಲ್ಯಾನ್ ಪೋರ್ಟಿನ ಹೆಸರು ಮಾತ್ರ, ಸ್ಥಿರ ಐಪಿ ವಿಳಾಸ ಕೊಟ್ಟಿದ್ದರೆ ಅದನ್ನು ಹೊಸ ಹೆಸರಿಗೆ ತಿದ್ದಬೇಕು.

ಕಾಪುವಿನ ಅಂಗಡಿಯಲ್ಲಿ ವಿಂಡೋಸ್ ತೆರೆದು, ನುಡಿ ಮೊದಲಿನಂತೆಯೇ ಕಂಡ ಮೇಲೂ ಬಿಲ್ಲು ಮಾತ್ರ ಮುದ್ರಣವಾಗಲಿಲ್ಲ. ಹೊಸ ಬೋರ್ಡಿನ ಯುಎಸ್‌ಬಿ ಪೋರ್ಟನ್ನು ಕಂಡು ವಿಂಡೋಸ್ ಅದೇ ಪ್ರಿಂಟರನ್ನು "ಕಾಪಿ 1" ಎಂದು ಎರಡನೆಯ ಸಲ ಸೇರಿಸಿತ್ತು, ಬಿಲ್ಲಿನ ಸಾಫ್ಟ್‌ವೇರ್ ಹಳೆಯ ಹೆಸರಿಗೇ ಕಳುಹಿಸುತ್ತಿತ್ತು. ಹಳೆಯ ಪ್ರಿಂಟರಿನ ಪೋರ್ಟನ್ನು ಹೊಸದಕ್ಕೆ ಬದಲಾಯಿಸಿ, "ಕಾಪಿ 1" ಅಳಿಸಿದೆವು. ರೂಟರಿನ ಪೋರ್ಟನ್ನು ಬೇರೆ ಲ್ಯಾಪ್‌ಟಾಪಿನಿಂದ ಪರೀಕ್ಷಿಸಿದ ನಂತರವೇ ಲ್ಯಾನ್ ಕೇಬಲನ್ನು ಹೊಸ ಬೋರ್ಡಿಗೆ ಚುಚ್ಚಿದೆವು.